ಅಮ್ಮನ ಕರಡಿ

ಸುರಿಯಲೋ ಬೇಡವೋ ಎಂದು ತಾನೇ ತೀರ್ಮಾನಿಸಲಾರದ ಮೇಘಮಾಲೆಯೊಂದು ಆ ಅಪರಾಹ್ನ ಊರಿನ ನೆತ್ತಿಯ ಮೇಲೆ ತಡೆದು ನಿಂತಿತ್ತು. ಒಂದು ಗಳಿಗೆ ಸ್ವರ್ಣಕಾಂತಿಯ ಬಿಸಿಲು ಮಾಳಿಗೆಗಳಿಂದ ಜಾರಿ ಗ್ರಂಥಾಲಯದ ಗಾಜಿನ ಕಿಟಕಿಗಳಲ್ಲಿ ಪ್ರಜ್ವಲಿಸುವುದು. ಮರುಗಳಿಗೆ ಅದೇ ಬೀದಿ ಧೂಸರವರ್ಣದ ವಿಷಾದವನ್ನು ಹೊದ್ದು ಮಂಕಾಗುವುದು... ಸಹೃದಯರೇ, ಆಕಾಶಕ್ಕೇ ತನ್ನ ಮನಸ್ಸು ತಿಳಿಯದ ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ತನ್ನದು ತಿಳಿಯದೆ ಹೋದರೆ ಅಚ್ಚರಿಯೇನು!

ಆ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ವಾರಕ್ಕೊಮ್ಮೆ ‘ಮನೆಮಂದಿಯ ಓದು’ ನಡೆಯುತ್ತಿತ್ತು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಪುಟಾಣಿಗಳು ಹೆತ್ತವರ, ಅಜ್ಜ-ಅಜ್ಜಿಯರ ಮಡಿಲಲ್ಲಿ ಕುಳಿತು ಚಿತ್ರಪುಸ್ತಕದ ಪುಟ ತಿರುವುವರು. ಪ್ರತಿ ವಾರ ಒಂದು ಮನೆಯವರು ಎದ್ದು ಎಲ್ಲರಿಗೂ ಕಥೆ ಹೇಳಬೇಕು. ಅಂದು ಕ್ಷೌರದಂಗಡಿಯವನ ಮನೆಯ ಸರದಿ. ಅವನೋ ಮಾತಿನ ಮಲ್ಲ! ಕತ್ತರಿಗಿಂತ ನಾಲಗೆಯೇ ಹರಿತವೆಂದು ಗಿರಾಕಿಗಳು ನಗುತ್ತಿದ್ದರು. ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿಯುವ ಅವನ ಹೆಂಡತಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ನುಡಿಯೆಲ್ಲ ಕೈಗಳಲ್ಲಿ. ಆ ಕೈಮಾತಿನಲ್ಲಿ ಅವನು ಕಲಿತದ್ದು ಊಟ, ನಿದ್ದೆ, ಅಂಗಡಿ, ಜ್ವರ... ಸಂಸಾರ ಸಾಗಲು ಬೇಕಾದಷ್ಟು ಮಾತ್ರ. ಮಗಳು ಗುಬ್ಬಿಯಾದರೋ ತೊಟ್ಟಿಲಿನಿಂದಲೇ ಎರಡು ಭಾಷೆಗಳ ಒಡತಿ.

ಅವನು ಗಂಟಲು ಸರಿಮಾಡಿಕೊಂಡು ಏಳುವಷ್ಟರಲ್ಲಿ ಗುಬ್ಬಿ ಅಂಗಿ ಜಗ್ಗಿದಳು.

“ನೀನಲ್ಲ ಅಪ್ಪ. ಅಮ್ಮ ಹೇಳ್ಲಿ.”

“ಇಷ್ಟು ಜನದ ಮುಂದೆ ಅಮ್ಮ ಹೇಗೆ ಹೇಳ್ತಾಳೆ, ಪುಟ್ಟಿ?”

“ಮನೇಲಿ ದಿನಾ ಹೇಳ್ತಾಳಲ್ಲ! ನೀನು ಬರೋ ಹೊತ್ತಿಗೆ ಮುಗಿದುಹೋಗಿರುತ್ತೆ.”

ಕಥೆಯೇ? ದಿನವೂ? ತನ್ನ ಮನೆಯಲ್ಲಿಯೇ? ಅವನು ಕುಳಿತಲ್ಲೇ ತಬ್ಬಿಬ್ಬಾದ.

ಓದಿಸುವ ಟೀಚರ್ ನಗುತ್ತ ಪುಸ್ತಕವನ್ನು ತಾಯಿಯ ಎದುರು ತೆರೆದಿಟ್ಟರು. ಅವಳು ನಾಚಿದಳು, ಹಿಂಜರಿದಳು... ಆಮೇಲೆ ಅವಳ ಕೈಗಳು ಮೇಲೆದ್ದವು. ಓಹ್, ಆ ಕೈಗಳು! ಬೆರಳುಗಳು ವಸಂತದ ಚಿಗುರಾಗಿ ಕಂಪಿಸಿದವು, ಜೇನುಹುಳಗಳಾಗಿ ಗಿರಕಿ ಹೊಡೆದವು; ಭುಜಗಳನ್ನು ಉಬ್ಬಿಸಿ ಅವಳು ಕರಡಿಯಾದಾಗ ಮಕ್ಕಳೆಲ್ಲ ಕೇಕೆ ಹಾಕಿದರು. ಚಿತ್ರ ನೋಡಿ ಅವನೂ ಕಥೆಯನ್ನು ಹಿಂಬಾಲಿಸಿದ. ಆದರೆ ಕೊನೆಯ ಪುಟ ಮುಗಿದು ಪುಸ್ತಕ ಮುಚ್ಚಿದ ಮೇಲೂ ಕೈಗಳು ನಿಲ್ಲಲಿಲ್ಲ. ಗುಬ್ಬಿ ಬಿದ್ದು ಬಿದ್ದು ನಕ್ಕಳು. ಅವನು ಮಿಕಿಮಿಕಿ ನೋಡಿದ.

“ಏನಂತೆ ಅದು?” ಎಂದು ಪಿಸುಗುಟ್ಟಿದ.

“ಕರಡಿ ಕಾಡಲ್ಲೆಲ್ಲ ಮಾತಾಡಿ ಮಾತಾಡಿ, ಗುಹೆಗೆ ಬಂದ ಕೂಡ್ಲೇ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಂತೆ. ಹೆಂಡತಿ ಕರಡಿ ಕಾಯ್ತಾನೇ ಇರುತ್ತಂತೆ.”

“ಪುಸ್ತಕದಲ್ಲಿ ಹಾಗಿದೆಯಾ?”

“ಇಲ್ಲಪ್ಪ. ಅದು ಅಮ್ಮನ ಕರಡಿ.”

ಚಪ್ಪಾಳೆಯ ನಡುವೆ ಅವನೊಬ್ಬನ ಕೈಗಳು ತೊಡೆಯ ಮೇಲೆಯೇ ಉಳಿದವು. ನಾಚಿಕೆಯೋ, ಸಿಟ್ಟೋ, ಮಗಳ ಮೇಲಿನ ಹೊಟ್ಟೆಕಿಚ್ಚೋ? ಇಲ್ಲವೇ, ಇನ್ನೂ ಪರಿಚಯವೇ ಆಗದ ಹೆಣ್ಣೊಬ್ಬಳನ್ನು ಮೊದಲ ಸಲ ಕಂಡಾಗಿನ ಆ ಹುಚ್ಚು ಪುಳಕವೋ? ಅವನಿಗೆ ತಲೆಬುಡ ತಿಳಿಯಲಿಲ್ಲ.

ಮನೆಯ ದಾರಿಯಲ್ಲಿ, ಬೇಕರಿಯ ಮುಂದೆ, ಅವನು ಥಟ್ಟನೆ ನಿಂತ. ‘ನನಗೂ ಕಥೆ ಹೇಳು’ ಎನ್ನಬೇಕಿತ್ತು. ಕೋಣೆಯಲ್ಲಿ ಕಂಡ ಸನ್ನೆಗಳನ್ನು ನೆನೆನೆನೆದು, ಬೆರಳುಗಳನ್ನು ಎದೆಗೆ, ಗಾಳಿಗೆ, ಕೆನ್ನೆಗೆ ತಂದ. ಅವಳು ಹುಬ್ಬು ಗಂಟಿಕ್ಕಿದಳು. ಮರುಕ್ಷಣ ಬೀದಿಗೆ ಬೀದಿಯೇ ತಿರುಗಿ ನೋಡುವಂತೆ ಗೊಳ್ಳೆಂದು ನಕ್ಕಳು.

“ನಾನೇನಂದೆ, ಗುಬ್ಬಿ?”

“ಜೇನುಹುಳ ನನ್ನ ಕಚ್ಚಿತು ಅಂದೆ!”

ಅವನೂ ನಗಹೋದ, ಆಗಲಿಲ್ಲ. ಸೋತ ಕೈಗಳನ್ನು ಇಳಿಬಿಟ್ಟ. ಆಗ ಅವಳು ನಗು ನಿಲ್ಲಿಸಿ, ಅವನ ಬಲಗೈಯನ್ನು ಹಿಡಿದೆತ್ತಿ, ಹೆಬ್ಬೆರಳನ್ನು ಮಡಿಸಿದಳು, ತೋರುಬೆರಳನ್ನು ನೆಟ್ಟಗಾಗಿಸಿದಳು, ಮಣಿಕಟ್ಟನ್ನು ಮೆಲ್ಲನೆ ತನ್ನತ್ತ ತಿರುಗಿಸಿದಳು. ಕ್ಷಮಿಸಿದಳೋ, ಬರೀ ತಪ್ಪು ತಿದ್ದಿದಳೋ... ಅವನಿಗೆ ಅರ್ಥವಾಗಲಿಲ್ಲ, ಕೇಳಲು ಭಾಷೆಯೂ ಇರಲಿಲ್ಲ. ಕೈ ಮಾತ್ರ ಹಿಂದೆಗೆಯಲಿಲ್ಲ.

ಎಳೆಯ ಕಂದ ತೊದಲಿದರೆ ಮನೆಯೆಲ್ಲ ಮುದ್ದಿಸುತ್ತದೆ. ಬೆಳೆದವರ ಒಲವು ತೊದಲುವುದನ್ನು ಯಾರು ತಾನೇ ತಾಳ್ಮೆಯಿಂದ ಆಲಿಸುತ್ತಾರೆ! ಆದರೂ, ಸಹೃದಯರೇ, ಒಂದೇ ಸೂರಿನಡಿ ಎಷ್ಟೋ ವಸಂತಗಳನ್ನು ಕಳೆದ ಮೇಲೂ ಮೊದಲಕ್ಷರದಿಂದ ತಿದ್ದಲು ಕೈನೀಡುವ ಜೀವವೊಂದು ಎದುರಿಗಿರುವುದಾದರೆ, ಆ ತೊದಲಿಗಿಂತ ಸುಂದರವಾದ ನುಡಿ ಈ ಲೋಕದಲ್ಲಿ ಇನ್ನಾವುದಿದ್ದೀತು...