ಅಳದ ಹೆಂಗಸನ್ನು ಕೆತ್ತಿದವನು

ಜೀಥಸ್ ಯಾರ ಮುಖವನ್ನೂ ನೇರವಾಗಿ ನೋಡಿದವನಲ್ಲ. ಎದುರಿಗೆ ನಿಂತವರ ಪಕ್ಕಕ್ಕೆ ಮೆಲ್ಲನೆ ಸರಿದು, ಕಿವಿಯಿಂದ ಮೂಗಿನ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ಮಾತಿಗೆ ತೊಡಗುತ್ತಿದ್ದ. ರೋಮಿನ ಕೇಲಿಯನ್ ಗುಡ್ಡದ ಟಂಕಸಾಲೆಯಲ್ಲಿ ಮೂವತ್ತು ವರ್ಷ ಕಂಚಿನ ನಾಣ್ಯಗಳ ಅಚ್ಚು ಕೆತ್ತಿದವನಿಗೆ ಮನುಷ್ಯರೆಲ್ಲ ಪಾರ್ಶ್ವಮುಖಗಳಾಗಿಯೇ ಉಳಿದಿದ್ದರು. "ಮದುವೆಯಾಗಿ ಇಷ್ಟು ವರ್ಷ ಆಯ್ತು, ಈ ಮಹಾರಾಯನಿಗೆ ನನ್ನ ಎಡಗೆನ್ನೆ ಒಂದೇ ಗೊತ್ತು" ಎಂದು ಹೆಂಡತಿ ಪ್ರಿಮಿಲ್ಲಾ ಕಡಲೆಗಂಜಿ ಬಡಿಸುತ್ತ ನಮ್ಮೆದುರೇ ಆಡಿಕೊಳ್ಳುತ್ತಿದ್ದಳು.

ಕುಳ್ಳು ದೇಹ, ಬಲಕ್ಕೆ ವಾಲಿದ ನಡಿಗೆ, ಕುಲುಮೆಯ ಧಗೆಯಲ್ಲೂ ಮೈಬಿಡದ, ಕಿಡಿ ಬಿದ್ದು ತೂತುತೂತಾದ ಉಣ್ಣೆಯ ಮೇಲಂಗಿ. ಅಚ್ಚಿನಲ್ಲಿ ಸಕಲವೂ ತಿರುಗುಮುರುಗಾಗಬೇಕಾದ್ದರಿಂದ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದುವುದೇ ರೂಢಿಯಾಗಿ, ಮದ್ಯದಂಗಡಿಯ ಹಲಗೆಯ ಮುಂದೆ ತಡವರಿಸುತ್ತಿದ್ದ. ಅವನು ಕೆತ್ತಿದ ಅಚ್ಚಿನ ಮೇಲೆ ಸುತ್ತಿಗೆ ಬೀಸುವ ಕೆಲಸ ನನ್ನದು. ಹಣ್ಣುಹಂಪಲು ತುಂಬಿದ ಸಮೃದ್ಧಿಯ ಕೊಂಬು ಹಿಡಿದ ದೇವತೆಗಳನ್ನು ಕೆತ್ತಿದಷ್ಟೇ ಶ್ರದ್ಧೆಯಿಂದ ಅವನು ಹಳೆಯ ಚಕ್ರವರ್ತಿಯ ಇಮ್ಮಡಿ ಗದ್ದವನ್ನೂ ಒಂದು ಮಡಿಕೆ ಬಿಡದೆ ಕೆತ್ತಿದ್ದ.

ಆ ವರ್ಷ ನಮ್ಮ ಸೈನ್ಯ ಉತ್ತರದ ನದಿಯಾಚೆಯ ನಾಡೊಂದನ್ನು ಗೆದ್ದಿತು. ಹೊಸ ನಾಣ್ಯಕ್ಕೆ ಅಪ್ಪಣೆಯಾಯಿತು: ಕಿತ್ತುಕೊಂಡ ಆಯುಧಗಳ ರಾಶಿ, ಅದರ ಬುಡದಲ್ಲಿ ಸೋತ ನಾಡು ಹೆಂಗಸಿನ ರೂಪದಲ್ಲಿ ನೆಲಕ್ಕೆ ಕುಸಿದು ಅಳುತ್ತಿರಬೇಕು. ಆರು ದಿನ ಕಳೆದು ಜೀಥಸ್ ಅಚ್ಚನ್ನು ತಂದಿಟ್ಟ. ಮೇಲ್ವಿಚಾರಕ ವೆಟ್ಟಿಯಸ್ ಅದನ್ನು ಮೇಣಕ್ಕೆ ಒತ್ತಿ ನೋಡಿದ. ಹೆಂಗಸು ನೆಲದ ಮೇಲೆಯೇ ಕೂತಿದ್ದಳು, ಕೈಗಳೂ ಕಟ್ಟಿದ್ದವು. ಆದರೆ ತಲೆ ಎತ್ತಿತ್ತು.

"ಏನಯ್ಯಾ ಇದು, ಸಂತೆಗೆ ಹೊರಟವಳ ಹಾಗೆ ಕೂತಿದಾಳೆ! ಅಳು ಎಲ್ಲಿ?"

"ಅವಳು ಅಳಲ್ಲ, ಯಜಮಾನ್ರೇ."

"ನಿಂಗ್ಯಾರು ಹೇಳಿದ್ದು?"

"ನಮ್ಮಮ್ಮನ ಕೈ ಕಟ್ಟಿ ಇದೇ ಊರಿನ ಬೀದೀಲಿ ಕೂರಿಸಿದ್ರು. ನಂಗಾಗ ಐದು ವರ್ಷ, ಪಕ್ಕದಲ್ಲೇ ಇದ್ದೆ. ಅವಳು ಅಳಲಿಲ್ಲ."

ಅವನು ಬಿಡುಗಡೆ ಪಡೆದ ಗುಲಾಮನೆಂದು ನಮಗೆಲ್ಲ ಗೊತ್ತಿತ್ತು; ತಾಯಿಯ ಮಾತು ಮಾತ್ರ ಅಷ್ಟು ವರ್ಷದಲ್ಲಿ ಅದೇ ಮೊದಲು. ವೆಟ್ಟಿಯಸ್ ಕೆಟ್ಟವನಲ್ಲ, ದನಿ ತಗ್ಗಿಸಿದ: "ಸೋತವರು ಅಳದಿದ್ರೆ ನಾವು ಗೆದ್ದದ್ದು ಜನಕ್ಕೆ ಹೇಗೆ ಗೊತ್ತಾಗ್ಬೇಕು ಹೇಳು? ತಲೆ ಒಂಚೂರು ಬಗ್ಗಿಸು ಮಾರಾಯಾ."

"ಬೇರೆಯವರ ಕೈಲಿ ಮಾಡಿಸಿ" ಎಂದ ಜೀಥಸ್, ಉಳಿಯನ್ನು ಒರೆಸಿ ಕೆಳಗಿಟ್ಟ.

ಅವನ ಅಚ್ಚನ್ನು ಅವನೆದುರೇ ಜಜ್ಜಿದರು. ಇನ್ನೊಬ್ಬ ಕೆತ್ತನೆಗಾರ ಎರಡೇ ದಿನದಲ್ಲಿ ಅಳುವ ಹೆಂಗಸನ್ನು ಕೆತ್ತಿಕೊಟ್ಟ. ಸಾವಿರಾರು ನಾಣ್ಯಗಳಿಗೆ ಅವಳನ್ನು ಒತ್ತಿದ್ದು ನನ್ನ ಸುತ್ತಿಗೆ. ಜೀಥಸ್‌ಗೆ ಚಿತ್ರದ ಕೆಲಸ ತಪ್ಪಿತು. ಸೆನೆಟ್ಟಿನ ಅಪ್ಪಣೆಯ ಗುರುತಾಗಿ ಕಂಚಿನ ನಾಣ್ಯದ ಮೇಲಿರುವ ಎರಡಕ್ಷರಗಳನ್ನಷ್ಟೇ ಅವನು ಕಣ್ಣು ಮಂಜಾಗುವ ತನಕ ಕೆತ್ತಿದ.

ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಕೇಳಿದೆ: "ಬಗ್ಗಿಸಿದ್ರೆ ಏನಾಗ್ತಿತ್ತು? ಯಾವುದೋ ದೇಶ, ಯಾವಳೋ ಹೆಂಗಸು."

"ನಿಂಗೆ ಯಾವಳೋ" ಎಂದು ನನ್ನ ಪಾಲಿನ ಬೆಳ್ಳುಳ್ಳಿಯನ್ನೂ ಎತ್ತಿಕೊಂಡ.

ಇಂಥವರು ದಂಗೆ ಏಳುವುದಿಲ್ಲ, ನಾಲ್ಕು ಜನರೆದುರು ನಿಂತು ಭಾಷಣ ಬಿಗಿಯುವುದಿಲ್ಲ; ಕಣ್ಣಾರೆ ಕಂಡದ್ದಕ್ಕೆ ವಿರುದ್ಧವಾಗಿ ಕೈಯಾಡಿಸಲಾರರು, ಅಷ್ಟೆ. ಅವರಿಲ್ಲದೆಯೂ ಲೋಕದ ಕೆಲಸ ನಿಲ್ಲುವುದಿಲ್ಲ. ಆದರೆ ಅವರ ಪಕ್ಕದಲ್ಲಿ ದುಡಿದ ನಮ್ಮಂಥವರಿಗೆ, ಬೇರೆ ದಾರಿಯೇ ಇರಲಿಲ್ಲವೆಂದು ಹೇಳಿಕೊಳ್ಳುವ ಸುಖ ಮಾತ್ರ ಶಾಶ್ವತವಾಗಿ ತಪ್ಪಿಹೋಗುತ್ತದೆ.