ವಿಶಿಷ್ಟ ಸಂದರ್ಶಕರು: ಒಬ್ಬರು

ಕುರ್ಚಿಯಣ್ಣನಿಗೆ ನಾಚಿಕೆ ಎಂಬ ಪದಾರ್ಥದ ಪರಿಚಯ ಐವತ್ತೆಂಟು ವರ್ಷ ಇರಲೇ ಇಲ್ಲ. ಆಮೇಲೆ ಒಂದು ಶನಿವಾರ, ಅಷ್ಟೂ ವರ್ಷದ್ದು ಒಟ್ಟಿಗೆ ಬಂದು ತಲೆಯ ಮೇಲೆ ಕೂತಿತು.

ಅವನ ಕಸುಬು ಬೆತ್ತದ ಕುರ್ಚಿ ಹೆಣೆಯುವುದು. ಅವನು ಹೆಣೆದ ಕುರ್ಚಿಯಲ್ಲಿ ಆನೆ ಕೂತು, ಆಕಳಿಸಿ, ಒಂದು ನಿದ್ದೆ ತೆಗೆದು ಎದ್ದು ಹೋದರೂ ಒಂದೆಳೆ ಸಡಿಲವಾಗುತ್ತಿರಲಿಲ್ಲ. ಅಂಗಡಿ ಎಂದರೆ ಸಲೂನಿನ ಪಕ್ಕದ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ಬೆತ್ತ ನೆನೆಹಾಕುವ ತೊಟ್ಟಿ, ಒಳಗೆ ಸೂರಿನ ತನಕ ಕಾಲು ಮೇಲೆ ಮಾಡಿಕೊಂಡು ಬಿದ್ದ ಕುರ್ಚಿಗಳು. ಜೊತೆಗೆ ಇಪ್ಪತ್ತೆರಡು ವರ್ಷದಿಂದ ಅವನ ತಂಗಿ. ಹೆಣೆಯುವುದು ಅಣ್ಣನ ಕೆಲಸ, ಉಳಿದದ್ದೆಲ್ಲ ತಂಗಿಯದು: ಬೆತ್ತ ಸೀಳುವುದು, ಕುರ್ಚಿ ತರುವುದು, ತಲುಪಿಸುವುದು, ತಡವಾದರೆ ಗಿರಾಕಿಗಳಿಂದ ಬೈಸಿಕೊಳ್ಳುವುದು. ಅವಳಿಗೊಂದು ಚಟವೂ ಇತ್ತು. ಮುಗಿದ ಪ್ರತಿ ಕುರ್ಚಿಯನ್ನು ತಲೆಕೆಳಗು ಮಾಡಿ ಆಸನದ ಚೌಕಟ್ಟಿನ ಅಡಿಗೆ ಒಂದು ಚೀಟಿ ಅಂಟಿಸುತ್ತಿದ್ದಳು. ಅದರಲ್ಲಿ ಅಂಗಡಿಯ ಫೋನ್ ನಂಬರು, ಹೆಣೆದ ತಾರೀಖು, ಕೆಳಗೆ ‘ಬಿಸಿಲಿಗೆ ಇಡಬೇಡಿ’ ಎಂದು ಮುತ್ತು ಪೋಣಿಸಿದಂಥ ಅಕ್ಷರ. ಬೀದಿಯವರ ಬಾಯಲ್ಲಿ ಅವಳು ಚೀಟಿಯಕ್ಕ.

ಮದುವೆಯಾಗಿ ಬೇರೆ ಊರಿಗೆ ಹೋಗಿದ್ದ ಮಗಳು ಅಪ್ಪನ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಅಪ್ಪನಿಗೆ ಬೇರೆ ಭಾಷೆ ಕಂಡರೆ ಜ್ವರ ಬರುತ್ತದೆಂದು ಒಳಗಿನ ಗುಂಡಿಗಳೆಲ್ಲ ನಮ್ಮ ಭಾಷೆಯಲ್ಲೇ ಕಾಣುವ ಹಾಗೆ ಇಟ್ಟಿದ್ದಳು. ಹತ್ತು ಕುರ್ಚಿಯ ಫೋಟೋ, ಅಂಗಡಿಯ ವಿಳಾಸ, ಕುರ್ಚಿಯಣ್ಣ ಮೀಸೆ ತಿರುವುತ್ತಿರುವ ಒಂದು ಫೋಟೋ. ಅಷ್ಟೇ.

“ಎಷ್ಟು ಜನ ಬಂದು ನೋಡ್ತಾರೆ ಇದನ್ನ?” ಎಂದು ಅವನು ಫೋನಿನಲ್ಲಿ ಕೇಳಿದ.

“ಅದು ಗೊತ್ತಾಗ್ಬೇಕಂದ್ರೆ ಒಂದು ಪ್ಲಗಿನ್ ಹಾಕ್ಬೇಕಪ್ಪ.”

“ಪ್ಲಗ್ಗು ಗೋಡೇಲಿ ಮೂರಿದೆ.”

“ಆ ಪ್ಲಗ್ಗಲ್ಲ! ಸೈಟಿಗೆ ಸೇರಿಸೋ ಒಂದು ಸಣ್ಣ ಸಾಮಾನು. ಬಾಗಿಲಲ್ಲಿ ಕೂತು ಬಂದೋರನ್ನ ಎಣಿಸುತ್ತೆ. ಮುಂದಿನ ವಾರ ಶನಿವಾರ ಬರ್ತೀನಲ್ಲ, ನಾನೇ ಹಾಕಿಕೊಡ್ತೀನಿ. ನೀನು ಮುಟ್ಬೇಡ.”

ಮುಟ್ಟಬೇಡ ಎಂದರೆ ಮುಟ್ಟದೆ ಇರಲು ಅವನ ಕೈಯೇನು ಮರದ ಕೈಯೇ? ಫೋನ್ ಇಟ್ಟ ಅರ್ಧ ಗಂಟೆಗೆಲ್ಲ ಕನ್ನಡಕ ಮೂಗಿಗೇರಿಸಿ ಕೂತ. ‘ಹೊಸದನ್ನು ಸೇರಿಸಿ’ ಒತ್ತಿದ. ‘ಎಣಿಕೆ’ ಎಂದು ಹುಡುಕಿದ. ಮೊದಲು ಕಂಡದ್ದನ್ನೇ ‘ಸ್ಥಾಪಿಸಿ’ ಎಂದ, ‘ಸಕ್ರಿಯಗೊಳಿಸಿ’ ಎಂದ. ಅದು ಮದುವೆ ಗೊತ್ತುಮಾಡುವವರ ಹಾಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿತು. ಎಲ್ಲದಕ್ಕೂ ಹೌದು ಹೌದು ಎಂದ. ‘ಲಾಗಿನ್ ಆದ ನಿರ್ವಾಹಕರನ್ನೂ ಎಣಿಸಬೇಕೇ?’ ಎಂಬಲ್ಲಿ ಮಾತ್ರ ಒಂದು ಗಳಿಗೆ ನಿಂತು, “ಎಣಿಸ್ಲಿ. ಮನೆಯವರೇನು ಮನುಷ್ಯರಲ್ವಾ?” ಎಂದು ಅದಕ್ಕೂ ಗುರುತು ಹಾಕಿದ.

ಎರಡು ದಿನ ಸೈಟಿನಲ್ಲಿ ತನ್ನ ಮೀಸೆಯ ಫೋಟೋವನ್ನು ತೆರೆದು ತೆರೆದು ನೋಡಿ ಖುಷಿಪಟ್ಟ. ಮೂರನೆಯ ದಿನ ಸೈಟ್ ತೆರೆದು, ಮೂಲೆಯ ಗುಂಡಿ ಒತ್ತಿ ಎಣಿಕೆಯ ಪುಟಕ್ಕೆ ಹೋದರೆ, ಎರಡೇ ಸಾಲು.

ವಿಶಿಷ್ಟ ಸಂದರ್ಶಕರು: 1.
ಪುಟ ವೀಕ್ಷಣೆಗಳು: 127.

ಕುರ್ಚಿಯಣ್ಣ ಕೂತಲ್ಲೇ ಒಂದು ಗೇಣು ಬೆಳೆದ. ನೂರ ಇಪ್ಪತ್ತೇಳು ಜನ! ಮದುವೆಮನೆಯ ಪಂಕ್ತಿಯಷ್ಟು ಜನ! ಅದರೊಳಗೆ ಒಬ್ಬ ಮಾತ್ರ ಸಾಧಾರಣದವನಲ್ಲ. ವಿಶಿಷ್ಟ. ಯಂತ್ರವೇ ಗುರುತು ಹಿಡಿದು ಬೇರೆ ಸಾಲಿನಲ್ಲಿ ಕೂರಿಸಿದೆ ಎಂದರೆ ಎಂಥ ಘನಸ್ಥನಿರಬೇಡ! ಅಲ್ಲಿಂದ ಅವನಿಗೆ ಹುಚ್ಚು ಹತ್ತಿತು. ಒಂದೆಳೆ ಹೆಣೆದ, ಸೈಟ್ ತೆರೆದ. ನೀರು ಕುಡಿದ, ಸೈಟ್ ತೆರೆದ. ಬಚ್ಚಲಿಗೆ ಹೋದರೂ ಫೋನು ಜೊತೆಗೇ. ನೋಡಿದಾಗಲೆಲ್ಲ ಸಂಖ್ಯೆ ಏರಿರುತ್ತಿತ್ತು. ನೋಡಿದಾಗಲೆಲ್ಲ!

ಒಂಬತ್ತನೆಯ ದಿನ, ಗುರುವಾರ, ಫೋನು ಹಿಡಿದು ಸಲೂನಿಗೆ ನುಗ್ಗಿದ. ಸಲೂನಿನವನು ಔಷಧಿ ಅಂಗಡಿಯವರ ಗಲ್ಲಕ್ಕೆ ಕತ್ತಿ ಇಟ್ಟಿದ್ದ.

“ಮುನ್ನೂರ ನಲವತ್ತೊಂದು!” ಎಂದ ಕುರ್ಚಿಯಣ್ಣ. “ಈಗ ನೋಡಿ, ಮತ್ತೆ ತೆಗೀತೀನಿ. ಹಾಂ! ನಲವತ್ತೆರಡು! ನಿಮ್ಮ ಕಣ್ಣ ಮುಂದೇನೇ ಒಬ್ಬ ಬಂದ!”

“ಅಬ್ಬಬ್ಬ! ಆ ವಿಶಿಷ್ಟ ಅನ್ನೋನು ಯಾರಣ್ಣ?” ಎಂದ ಸಲೂನಿನವನು.

“ಯಾರೋ ದೊಡ್ಡ ಮನುಷ್ಯ.”

“ಕುರ್ಚಿ ಹುಡುಕ್ಕೊಂಡು ಅಲೆಯೋ ದೊಡ್ಡ ಮನುಷ್ಯ ಅಂದ್ಮೇಲೆ ರಾಜಕಾರಣೀನೇ ಬಿಡಿ.”

ಔಷಧಿ ಅಂಗಡಿಯವರು ನಗು ತಡೆಯಲಾರದೆ ಗಲ್ಲ ಕುಯ್ಯಿಸಿಕೊಳ್ಳುವುದೊಂದು ಬಾಕಿ. ಅಷ್ಟರಲ್ಲಿ ತಂಗಿ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಅಂಟಿನ ಡಬ್ಬಿ, ಚೀಟಿಯ ಕಟ್ಟು.

“ಅಣ್ಣಾ, ಆ ನಾಲ್ಕು ಕುರ್ಚಿ ಇವತ್ತು ಕೊಡ್ತೀವಿ ಅಂದಿದ್ವಿ. ಫೋನ್ ಆಮೇಲೆ ನೋಡು, ಬಾ.”

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಾಡುಹಗಲೇ ಹಿಡಿದ. “ನೋಡಿದ್ರಾ? ಮುನ್ನೂರು ಜನ ನನ್ನ ಹುಡುಕ್ತಿದ್ದಾರೆ, ಇವಳಿಗೆ ನಾಲ್ಕು ಕುರ್ಚಿ ಚಿಂತೆ,” ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಇಪ್ಪತ್ತೆರಡು ವರ್ಷದಿಂದ ಕುರ್ಚಿ ಕುಂಡಿಗೆ ಚೀಟಿ ಅಂಟಿಸ್ತಾ ಕೂತಿದ್ದಾಳೆ. ಯಾವನು ಬಗ್ಗಿ ನೋಡ್ತಾನೆ ಅದನ್ನ? ಈ ವಾರ ಹೆಣೆಯೋಕೆ ಬಂದ ಒಂಬತ್ತು ಕುರ್ಚಿ ವೆಬ್‌ಸೈಟಿಂದ ಬಂದಿದ್ದು. ನಿನ್ನ ಕಾಲ ಮುಗೀತು ತಾಯಿ. ಇನ್ಮೇಲೆ ಆ ಕಸ ಅಂಟಿಸಿ ನನ್ನ ಕೆಲಸ ಕೆಡಿಸ್ಬೇಡ.”

ಸಲೂನಿನವನ ಕತ್ತಿ ನಿಂತಿತು. ತಂಗಿ ಅಂಗಡಿಗೆ ಹೋಗಿ ಅಂಟಿನ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, ತನ್ನ ಊಟದ ಡಬ್ಬಿ ತೆಗೆದುಕೊಂಡು ಮನೆಗೆ ಹೊರಟಳು. ಶುಕ್ರವಾರ ಬರಲಿಲ್ಲ. ಬಂದದ್ದು ಸುದ್ದಿ: ಆಸ್ಪತ್ರೆಯಲ್ಲಿ ಹರಿದ ಹೊದಿಕೆ ಹೊಲಿಯುವ ಕೆಲಸಕ್ಕೆ ಒಪ್ಪಿದ್ದಾಳೆ, ಸೋಮವಾರದಿಂದ ಹೋಗುತ್ತಾಳೆ.

“ಹೋಗ್ಲಿ ಬಿಡು,” ಎಂದ ಕುರ್ಚಿಯಣ್ಣ ಹೆಂಡತಿಗೆ. ಆದರೆ ಆ ದಿನ ಬೆತ್ತ ಅವನೇ ಸೀಳಿ ಹೆಬ್ಬೆರಳು ಕುಯ್ದುಕೊಂಡ.

ಶನಿವಾರ ಮಗಳು ಬಂದಳು. ಚಪ್ಪಲಿ ಬಿಡುವುದಕ್ಕೂ ಬಿಡದೆ ಅಪ್ಪ ಫೋನನ್ನು ಮೂಗಿಗೆ ಹಿಡಿದ. ಅವಳು ನೋಡಿದಳು. ಅಪ್ಪನ ಮುಖ ನೋಡಿದಳು. ಮತ್ತೆ ಫೋನು ನೋಡಿದಳು.

“ಅಪ್ಪ, ವಿಶಿಷ್ಟ ಅಂದ್ರೆ ಏನಂದ್ಕೊಂಡಿದ್ದೀಯ?”

“ದೊಡ್ಡ ಮನುಷ್ಯ.”

“ಅಲ್ಲಪ್ಪ. ಇದನ್ನ ನಮ್ಮ ಭಾಷೆಗೆ ತಂದೋರು ಆ ಪದ ಹಾಕ್ಬಿಟ್ಟಿದ್ದಾರೆ. ಅದರರ್ಥ, ಬೇರೆ ಬೇರೆ ಜನ ಎಷ್ಟು ಅಂತ. ಒಬ್ಬರೇ ಹತ್ತು ಸಲ ಬಂದ್ರೆ ಮೇಲೆ ಒಂದು, ಕೆಳಗೆ ಹತ್ತು.”

“ಅಂದ್ರೆ?”

“ಅಂದ್ರೆ ಸೈಟಿಗೆ ಬಂದಿರೋದು ಒಬ್ಬರೇ. ಅವರೇ ನಾನೂರ ಆರು ಸಲ ನೋಡಿದ್ದಾರೆ.”

“ಯಾರವನು?” ಎಂದ.

ಮಗಳು ಅಪ್ಪನ ಕೈಯಲ್ಲಿದ್ದ ಫೋನನ್ನೇ ನೋಡುತ್ತಾ ನಿಂತಳು. “ನೀನು ನಿನ್ನನ್ನೂ ಎಣಿಸು ಅಂತ ಗುರುತು ಹಾಕಿದ್ದೀಯಪ್ಪ,” ಎಂದು ಮೆಲ್ಲಗೆ ಸೇರಿಸಿದಳು.

ಅಜ್ಜಿಯೊಬ್ಬಳು ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತು ಅಂದುಕೊಂಡಿದ್ದಳಂತೆ. ಆ ಅಜ್ಜಿಯ ಹತ್ತಿರ ಕೋಳಿಯಾದರೂ ಇತ್ತು. ಇಲ್ಲಿ ಕೂಗಿದವನೂ ಇವನೇ, ಎದ್ದವನೂ ಇವನೇ. ಅವನ ಕಿವಿ ಎಷ್ಟು ಕಾದವೆಂದರೆ ಅವುಗಳ ಮೇಲೆ ಬಟ್ಟೆ ಇಸ್ತ್ರಿ ಮಾಡಬಹುದಿತ್ತು.

“ಹಾಗಾದ್ರೆ ಒಂಬತ್ತು ಕುರ್ಚಿ ಬಂತಲ್ಲ?” ಎಂದ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ.

“ಹೇಗೆ ಬಂದ್ರಿ ಅಂತ ಅವರನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಈಗ ಒಬ್ಬೊಬ್ಬರಿಗೇ ಫೋನ್ ಮಾಡಿದ. ಮೊದಲನೆಯವರು ಮನೆ ಬದಲಿಸುವಾಗ ಕುರ್ಚಿ ತಲೆಕೆಳಗು ಮಾಡಿದ್ದರು, ಚೀಟಿ ಕಂಡಿತ್ತು. ಎರಡನೆಯವರು ಪಕ್ಕದ ಮನೆಯ ಕುರ್ಚಿಯ ಅಡಿಯಿಂದ ನಂಬರು ಬರೆದುಕೊಂಡಿದ್ದರು. ಮೂರನೆಯವರು ಒಬ್ಬ ಮುದುಕಿ.

“ನಂಬರು ಹೇಗೆ ಸಿಕ್ತು ಅಂದ್ರೆ, ಕೂತಿದ್ದ ಹಾಗೇ ಕುರ್ಚಿ ಬಾಯ್ಬಿಡ್ತಪ್ಪ, ನಾನು ನೆಲಕ್ಕೆ, ಕುರ್ಚಿ ನನ್ನ ಮೇಲೆ. ಮಲಗಿದಲ್ಲಿಂದ ನೋಡಿದ್ರೆ ಮೂಗಿನ ಮೇಲೇ ಚೀಟಿ! ಹತ್ತೊಂಬತ್ತು ವರ್ಷದ ಹಿಂದಿನ ತಾರೀಖು. ಅಕ್ಷರ ಎಷ್ಟು ಚೆಂದ ಅಂತೀಯ! ಏಳೋಕೆ ಮುಂಚೇನೇ ಫೋನ್ ಮಾಡಿದೆ. ಬರೆದಾಕೆ ಚೆನ್ನಾಗಿದ್ದಾಳಾ?”

“ಚೆನ್ನಾಗಿದ್ದಾಳೆ,” ಎಂದ ಕುರ್ಚಿಯಣ್ಣ. ನಾಲ್ಕನೆಯವರಿಗೆ ಫೋನ್ ಮಾಡಲಿಲ್ಲ. ಮಾಡುವ ಧೈರ್ಯ ಇರಲಿಲ್ಲ.

ರಾತ್ರಿಯ ಊಟಕ್ಕೆ ಕೂತು ತಟ್ಟೆಯನ್ನೇ ನೋಡಿದ. “ನೀನು ಹೋಗಿ ಅತ್ತೇನ ಕರ್ಕೊಂಡು ಬಾರಮ್ಮ,” ಎಂದು ಮಗಳಿಗೆ ಹೇಳಿ ನೋಡಿದ.

“ಬೈದಿದ್ದು ನಾನಾ?” ಎಂದಳು ಮಗಳು.

ಹೆಂಡತಿ ಬಾಯಿಯೇ ತೆರೆಯಲಿಲ್ಲ. ಬಾಯಿ ತೆರೆಯದ ಹೆಂಡತಿ ಇಡೀ ಬೀದಿಯ ಬೈಗುಳಕ್ಕಿಂತ ಜೋರು.

ಭಾನುವಾರ ಬೆಳಿಗ್ಗೆ ತಾನೇ ಹೋದ. ತಂಗಿಯ ಮನೆ ಎರಡು ಬೀದಿಯಾಚೆ. ಅವನು ನಡೆದದ್ದು ನೋಡಿದ್ದರೆ ಎರಡು ಜಿಲ್ಲೆಯಾಚೆ ಎನ್ನಬೇಕು. ಅವಳು ಹಿಂದಿನ ಅಂಗಳದಲ್ಲಿ ಸೋಮವಾರಕ್ಕೆಂದು ಒಂದು ಕತ್ತರಿ ಮಸೆಯುತ್ತಿದ್ದಳು.

“ಗೋಡೆಗೆ ಬಣ್ಣ ಹಚ್ಚಿಸಿದ್ಯಾ?” ಎಂದ ಅವನು.

“ಆರು ವರ್ಷ ಆಯ್ತು.”

“ಚೆನ್ನಾಗಿದೆ.”

ಅವಳು ಕತ್ತರಿ ಮಸೆದಳು.

“ಬಿಸಿಲು ಜಾಸ್ತಿ ಇವತ್ತು,” ಎಂದ.

“ಅಣ್ಣಾ, ಹವಾ ಹೇಳೋಕೆ ರೇಡಿಯೋ ಇದೆ. ನೀನು ಬಂದಿದ್ದೇನು?”

ಹೇಳಿದ. ಬಾಯಿಗೆ ಹತ್ತಿ ತುರುಕಿದವನ ಹಾಗೆ ತಡವರಿಸುತ್ತಾ ಹೇಳಿದ. ಒಬ್ಬರು ಎಂದರೆ ಒಬ್ಬರೇ ಎಂದು, ಆ ಒಬ್ಬ ತಾನೇ ಎಂದು, ಕುರ್ಚಿಗಳು ಚೀಟಿಯಿಂದ ಬಂದವೆಂದು, ನೆಲದ ಮೇಲೆ ಬಿದ್ದ ಮುದುಕಿ ಅವಳ ಯೋಗಕ್ಷೇಮ ಕೇಳಿದಳೆಂದು. ಮುದುಕಿಯ ಮಾತಿಗೆ ಅವಳು ನಕ್ಕಾಳೆಂದು ಕಾದ. ಅವಳು ನಗಲಿಲ್ಲ. ಕತ್ತರಿಯ ಅಲಗನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದಳು.

“ಇದನ್ನ ನನಗ್ಯಾಕೆ ಹೇಳ್ತೀಯ? ನನಗೆ ಮೊದಲೇ ಗೊತ್ತಿತ್ತು. ಫೋನ್ ಎತ್ತೋಳು ನಾನು. ಚೀಟಿ ನೋಡಿ ಮಾಡಿದ್ವಿ ಅಂತ ಎಲ್ಲರೂ ಹೇಳ್ತಾರೆ.”

“ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?”

“ನಾಲ್ಕು ಜನರ ಮುಂದೆ ನಿನ್ನ ಮರ್ಯಾದೆ ಕಳೀಲಾ?”

ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಜನ ಅನ್ನುವುದನ್ನು ಅವನು ಕೇಳಿದ್ದ. ಆ ದಿನ ನೆಲವನ್ನು ನಿಜವಾಗಿ ನೋಡಿದ. ಬಾಯಿಬಿಡುವ ಲಕ್ಷಣ ಕಾಣಲಿಲ್ಲ.

“ಅವತ್ತು ಎಲ್ಲಿ ಅಂದಿದ್ದೆ?” ಎಂದು ಅವಳೇ ಕೇಳಿದಳು.

“ಸಲೂನಲ್ಲಿ.”

ಅವಳು ಮತ್ತೆ ಕತ್ತರಿ ಮಸೆಯತೊಡಗಿದಳು. ಅವನು ಸಲೂನಿನ ಕಡೆ ಹೊರಟ.

ಭಾನುವಾರದ ಸಲೂನ್ ಎಂದರೆ ಲೋಕದ ಗಡ್ಡವೆಲ್ಲ ಅಲ್ಲೇ. ಬೆಂಚಿನ ಮೇಲೆ ಆರು ಜನ, ಬಾಗಿಲಲ್ಲಿ ಇಬ್ಬರು, ಔಷಧಿ ಅಂಗಡಿಯವರು ಸುಮ್ಮನೆ ಪೇಪರ್ ಓದಲು ಬಂದವರು. “ಬಾರಣ್ಣ, ನಿನ್ನ ರಾಜಕಾರಣಿ ಸಿಕ್ಕಿದ್ರಾ?” ಎಂದ ಸಲೂನಿನವನು.

“ಸಿಕ್ಕಿದ,” ಎಂದ ಕುರ್ಚಿಯಣ್ಣ. “ನಾನೇ ಅವನು. ನಾನೊಬ್ಬನೇ ನಾನೂರು ಸಲ ನೋಡಿದ್ದೆ. ಬೇರೆ ಒಂದು ನರಪಿಳ್ಳೆ ಬಂದಿಲ್ಲ.”

ನಗು ಎದ್ದಿತು ನೋಡಿ! ಕನ್ನಡಿ ಒಡೆಯಲಿಲ್ಲ ಎಂಬುದೇ ಆಶ್ಚರ್ಯ. ಒಬ್ಬ ಬೆಂಚಿನಿಂದ ಜಾರಿದ. ಔಷಧಿ ಅಂಗಡಿಯವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರೂ ಪೇಪರು ಕುಣಿಯಿತು. ಕುರ್ಚಿಯಣ್ಣ ನಗು ಮುಗಿಯುವ ತನಕ ನಿಂತ. ಓಡಿಹೋಗಬಹುದಿತ್ತು, ಹೋಗಲಿಲ್ಲ. ಹೇಳಬೇಕಾದ್ದು ಇನ್ನೂ ಬಾಕಿ ಇತ್ತು.

“ನಗಿ. ಆದ್ರೆ ಇದನ್ನೂ ಕೇಳಿ. ಕುರ್ಚಿ ಬಂದಿದ್ದು ನನ್ನ ತಂಗಿ ಚೀಟಿಯಿಂದ. ಇಪ್ಪತ್ತೆರಡು ವರ್ಷದಿಂದ ಅದರಿಂದಾನೇ ಬರ್ತಿತ್ತು. ಅವತ್ತು ಇಲ್ಲಿ ನಿಂತು ಅದನ್ನ ಕಸ ಅಂದೆ. ನಾನು ಅಂದಿದ್ದು ತಪ್ಪು.”

ಈ ಸಲ ಯಾರೂ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಗಾದೆಯೇ. ತಿರುಗಿದರೆ, ತಂಗಿ ರಸ್ತೆಯ ಅಂಚಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದಳು. ಅಷ್ಟು ದೂರ ಚೀಲ ಹಿಡಿದು ಬಂದವಳು ಒಂದು ತರಕಾರಿಯನ್ನೂ ಕೊಂಡಿರಲಿಲ್ಲ.

ಅವನು ಹೊರಗೆ ಬಂದ. ಅವಳೇ ಹೇಳಿದಳು.

“ನಾಳೆ ಆಸ್ಪತ್ರೆಗೆ ಹೋಗ್ತೀನಿ. ಒಪ್ಪಿಕೊಂಡಾಗಿದೆ, ಮಾತು ತಪ್ಪಲ್ಲ.”

“ಹೂಂ.”

“ನಾಲ್ಕು ಗಂಟೆಗೆ ಬಿಡ್ತಾರೆ.”

ಅವನು ತಲೆ ಎತ್ತಿದ.

“ಬರ್ತೀನಿ ಅಂದಿಲ್ಲ,” ಎಂದಳು. “ಬಿಡ್ತಾರೆ ಅಂದೆ, ಅಷ್ಟೇ.”

ಸೋಮವಾರ ನಾಲ್ಕಕ್ಕೆ ಅವಳು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ನಾಲ್ಕೂವರೆಗೆ ಬಂದು, ಅಣ್ಣನ ಮುಖ ನೋಡದೆ, ಅವನು ವಕ್ರವಾಗಿ ಸೀಳಿದ ಬೆತ್ತವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, “ಇದನ್ನ ಒಲೆಗೆ ಹಾಕೋದೇ,” ಎಂದಳು. ಕುರ್ಚಿಯಣ್ಣ ಎದುರಾಡದೆ ಎದ್ದು, ತೊಟ್ಟಿಗೆ ಹೊಸ ಬೆತ್ತ ನೆನೆಹಾಕಿದ.