ಒಂದೂವರೆ ಕೂರದ ಕಾರು

ತಮ್ಮನ ಕಾರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ಅಕ್ಕ ಅಂಗಡಿಯ ಬಾಗಿಲಿನಿಂದ ಕದಲಲಿಲ್ಲ. ಅದಕ್ಕೆ ಅಗಲವಾದ ಹೊಸ ಚಕ್ರಗಳನ್ನು ಅವಳೇ ಕೂರಿಸಿದ್ದಳು. ಕೆಲಸ ಮುಗಿದಿತ್ತು, ಮುಗಿದ ಕೆಲಸದ ನೆಮ್ಮದಿ ಮಾತ್ರ ಬರಲಿಲ್ಲ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡಳು.

ಚಕ್ರ, ಟೈರುಗಳ ಆ ಅಂಗಡಿ ತಂದೆಯಿಂದ ಬಂದದ್ದು. ಅದರೊಂದಿಗೆ ತಂದೆಯ ಕಟ್ಟಳೆಯೊಂದೂ ಬಂದಿತ್ತು: ಬೇರೆ ಅಳತೆಯ ಚಕ್ರ ತೊಟ್ಟ ಕಾರು ಖಾಲಿಯಾಗಿ ಅಂಗಡಿ ಬಿಡಕೂಡದು. ಹಿಂದೆ ಭಾರ ಕೂರಿಸಿ, ಬಾಗಿಲೆದುರಿನ ಉಬ್ಬು ಹತ್ತಿಸಿ ಇಳಿಸಿ, ಟೈರು ಎಲ್ಲಿಯೂ ತಾಗದೆಂದು ಕಿವಿಯಾರೆ ಕೇಳಿಯೇ ಕಳಿಸಬೇಕು. ಭಾರವೆಂದರೆ ಪಕ್ಕದ ಅಂಗಡಿಯ ದರ್ಜಿ. ಅವರ ಗಾತ್ರಕ್ಕೆ ಬೀದಿಯವರು ಇಟ್ಟ ಹೆಸರು ಒಂದೂವರೆ. ಕರೆದಾಗಲೆಲ್ಲ ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಬಂದು, ಅರಸನ ಠೀವಿಯಿಂದ ಹಿಂದಿನ ಸೀಟಿನಲ್ಲಿ ಕೂತು, ಇನ್ನು ನಡೆಯಲಿ ಎಂದು ಕೈಸನ್ನೆ ಮಾಡುತ್ತಿದ್ದರು.

ಈ ಬೆಳಗ್ಗೆ ಒಂದೂವರೆ ಯಾರಿಗೋ ಬಟ್ಟೆ ಕೊಡಲು ಹೋಗಿದ್ದರು. ತಮ್ಮನೋ ತುದಿಗಾಲಿನಲ್ಲಿ ನಿಂತಿದ್ದ. ಮಧ್ಯಾಹ್ನ ಹೆಂಡತಿ, ಮಗು, ಅತ್ತೆಯನ್ನು ಕೂರಿಸಿಕೊಂಡು ಬೆಟ್ಟದ ದಾರಿ ಹಿಡಿಯಬೇಕಿತ್ತು. ಆ ಅತ್ತೆಯೇ ಹಿಂದೊಮ್ಮೆ ಅವನ ಕಾರು ನೋಡಿ, ದೊಡ್ಡ ಆಳು ಮಗುವಿನ ಚಪ್ಪಲಿ ಮೆಟ್ಟಿದ ಹಾಗಿದೆ ಎಂದಿದ್ದರು. ಅಂದಿನಿಂದ ಅವನಿಗೆ ಅಗಲ ಚಕ್ರದ ಹುಚ್ಚು ಹಿಡಿದಿತ್ತು. ಮನೆಯವರ ಕಾರಿಗೂ ಪರೀಕ್ಷೆಯೇ ಎಂದು ನಕ್ಕು ಹೊರಟ. ಬೇರೆ ಯಾರೇ ಆಗಿದ್ದರೂ ಅವಳು ಬೀಗದ ಕೈ ಕೊಡುತ್ತಿರಲಿಲ್ಲ. ಅವನಿಗೆ ಕೊಟ್ಟುಬಿಟ್ಟಳು.

ಮುಂದಿನ ಗಿರಾಕಿಯ ಪಂಕ್ಚರ್ ಹಾಕಲು ಕೂತಳು. ಕೈ ಅಲ್ಲಿತ್ತು, ಲೆಕ್ಕ ಬೇರೆಡೆ ನಡೆದಿತ್ತು. ಹಳೆಯ ಚಕ್ರದ ಅಗಲ ಏಳು ಇಂಚು, ಹೊಸದರದು ಎಂಟು. ಹೆಚ್ಚಿದ ಇಂಚಿನಲ್ಲಿ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ. ಒಂದೊಂದು ಕಡೆಗೆ ಸುಮಾರು ಹದಿಮೂರು ಮಿಲಿಮೀಟರ್. ಒಳಗಡೆ ಶಾಕ್ ಅಬ್ಸಾರ್ಬರಿಗೂ ಟೈರಿಗೂ ನಡುವೆ ಅಷ್ಟು ಎಡೆಯಿರಲಿಲ್ಲ. ಅದಕ್ಕೆಂದೇ ಆಫ್‌ಸೆಟ್ಟನ್ನು ನಲವತ್ತೈದರಿಂದ ಮೂವತ್ತೈದಕ್ಕೆ ಇಳಿಸಿದ್ದಳು. ಆಫ್‌ಸೆಟ್ ಎಂದರೆ ಚಕ್ರದ ನಡುಗೆರೆಯಿಂದ, ನಟ್ಟು ಬಿಗಿಯುವ ಮುಖ ಎಷ್ಟು ಹೊರಗಿದೆ ಎಂಬ ಅಳತೆ. ಅದು ಹತ್ತು ಇಳಿದರೆ ಇಡೀ ಚಕ್ರ ಹತ್ತು ಮಿಲಿಮೀಟರ್ ಹೊರಕ್ಕೆ ಸರಿಯುತ್ತದೆ. ಒಳಗಿನ ಹದಿಮೂರರಲ್ಲಿ ಹತ್ತು ಕಳೆದು ಮೂರೇ ಉಳಿದಾಗ ಜಾಣತನವೆಂದುಕೊಂಡಿದ್ದಳು. ಕಳೆದ ಹತ್ತು ಎಲ್ಲಿಗೂ ಹೋಗಿರಲಿಲ್ಲ. ಹೊರಗಿನ ಹದಿಮೂರಕ್ಕೆ ಕೂಡಿ ಇಪ್ಪತ್ತಮೂರಾಗಿತ್ತು.

ಖಾಲಿ ಕಾರಿನಲ್ಲಿ ಟೈರು ಮಡ್‌ಗಾರ್ಡಿನ ಅಂಚಿಗಿಂತ ಕೆಳಗೇ ನಿಂತಿರುತ್ತದೆ, ಏನೂ ತೋರದು. ಭಾರ ಬಿದ್ದು ಕಾರು ತಗ್ಗಿದರೆ ಆ ತಗಡಿನ ಅಂಚು ಟೈರಿನ ಮೇಲಿಳಿಯುತ್ತದೆ. ಬೆಟ್ಟದ ತಿರುವುಗಳಲ್ಲಿ ಅದು ರಬ್ಬರನ್ನು ಕೊಯ್ಯಲು ಬಹಳ ಹೊತ್ತು ಬೇಡ.

ಫೋನು ಮಾಡಿದಳು, ತಮ್ಮ ಎತ್ತಲಿಲ್ಲ. ಮತ್ತೆ ಮಾಡಿದಳು. ಹೊರಗೆ ಯಾರೋ ಕುರ್ಚಿ ಎಳೆದ ಸದ್ದು ತಗಡು ಟೈರಿಗೆ ಉಜ್ಜಿದಂತೆ ಕೇಳಿತು. ಪಂಕ್ಚರಿನವನನ್ನು ಸಾಗಹಾಕಿ, ಬಿಚ್ಚಿಟ್ಟಿದ್ದ ಹಳೆಯ ಚಕ್ರಗಳನ್ನು ವ್ಯಾನಿಗೆ ತುಂಬಿದಳು. ಅಷ್ಟರಲ್ಲಿ ದರ್ಜಿ ಬಂದರು. ಅವರನ್ನೂ ಹತ್ತಿಸಿಕೊಂಡಳು. ಎಲ್ಲಿಗೆಂದು ಕೇಳಿದ್ದಕ್ಕೆ, ಕೂರುವುದಕ್ಕೆ ಎಂದಷ್ಟೇ ಹೇಳಿದಳು.

ತಮ್ಮನ ಮನೆಯ ಗೇಟಿನೊಳಗೆ ಕಾರು ಇನ್ನೂ ನಿಂತಿತ್ತು. ಪೆಟ್ಟಿಗೆಗಳು ಜಗಲಿಯ ಮೇಲಿದ್ದವು.

"ಏನಕ್ಕಾ, ಕಳಿಸೋಕೆ ಬಂದ್ಯಾ, ನಿಲ್ಲಿಸೋಕೆ ಬಂದ್ಯಾ?" ಎಂದ ತಮ್ಮ.

"ಎಲ್ಲಾರೂ ಒಂದ್ಸಲ ಕೂತ್ಕೊಳ್ಳಿ. ಗೇಟಿನ ಹೊಸ್ತಿಲು ದಾಟಿಸಿ ನೋಡೋಣ."

ಅವನು ಗೊಣಗಿದ. ಆದರೂ ಕೂತ. ಮಗುವನ್ನು ಎತ್ತಿಕೊಂಡು ಹೆಂಡತಿ ಅವನ ಪಕ್ಕದಲ್ಲಿ ಕೂತಳು. ಹಿಂದೆ ಅತ್ತೆ, ಪೆಟ್ಟಿಗೆಗಳ ಬದಲಿಗೆ ಒಂದೂವರೆ.

"ಇವರೂ ಬೆಟ್ಟಕ್ಕೆ ಬರ್ತಾರಾ?" ಎಂದು ಮೂಲೆಗೆ ಒತ್ತಿಕೊಂಡಿದ್ದ ಅತ್ತೆ ಕೇಳಿದರು.

"ಇಲ್ಲಮ್ಮಾ, ನಾನು ಗೇಟಿನ ತನಕ ಅಷ್ಟೇ," ಎಂದರು ದರ್ಜಿ.

ಕಾರು ಹೊಸ್ತಿಲು ಹತ್ತಿ ಇಳಿಯಿತು. ಹಿಂಗಾಲಿಯ ಮೇಲೆ ಚರ್ರೆಂದಿತು. ಕಲ್ಲು ಸಿಕ್ಕಿರಬೇಕು ಎಂದ ತಮ್ಮ. ಹಿಂದಕ್ಕೆ ತಂದು ಮತ್ತೆ ಹತ್ತಿಸಿದ. ಮತ್ತೆ ಅದೇ ಸದ್ದು. ಇಳಿದು ಬಂದು ಟೈರಿನ ಹೊರ ಅಂಚು ಸವರಿದ. ಹೊಸ ರಬ್ಬರಿನ ಮೇಲೆ ಬೆರಳಿಗೆ ಸಿಗುವಂಥ ಗೀರು.

ಏನಾಯಿತೆಂದು ಅತ್ತೆ ಕಿಟಕಿಯಿಂದ ಕೇಳಿದರು. ತಮ್ಮ ಅಕ್ಕನ ಮುಖ ನೋಡಿದ. ಅವಸರ ಅವನದೆಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ತಪ್ಪು ನಂದಮ್ಮಾ. ಭಾರ ಕೂರಿಸಿ ನೋಡ್ದೆ ಕಳಿಸ್ಬಿಟ್ಟೆ."

ತಮ್ಮ ತಲೆತಗ್ಗಿಸಿ ಡಿಕ್ಕಿ ತೆರೆದು ಜಾಕು ಹೊರತೆಗೆದ. ಅತ್ತೆ ಅವನನ್ನೂ ವ್ಯಾನಿನಲ್ಲಿದ್ದ ಹಳೆಯ ಚಕ್ರಗಳನ್ನೂ ನೋಡಿದರು.

"ಆ ಚಿಕ್ಕ ಚಪ್ಪಲಿನೇ ಹಾಕಪ್ಪಾ. ನಡೆಯೋಕೆ ಬಂದ್ರೆ ಸಾಕು."

ಚಕ್ರ ಬದಲಾದ ಮೇಲೆ, ಅಕ್ಕ ತೆಗೆದಿಟ್ಟುಕೊಂಡಿದ್ದ ಬೀಗದ ಕೈಗಾಗಿ ತಮ್ಮ ಕೈ ಚಾಚಿದ. ಅಕ್ಕ ಅದನ್ನು ಮುಷ್ಟಿಯಲ್ಲೇ ಹಿಡಿದು ದರ್ಜಿಯತ್ತ ತಿರುಗಿದಳು. ಜಾಕು ಏರಿಸುವ ಮುನ್ನವಷ್ಟೇ ಅವರು ಪ್ರಯಾಸಪಟ್ಟು ಇಳಿದಿದ್ದರು. ನಿಟ್ಟುಸಿರಿಟ್ಟು ಮತ್ತೆ ಹಿಂದಿನ ಬಾಗಿಲು ತೆರೆದರು.